ಸರ್ಕಾರದ ಅಂಗಳದಲ್ಲಿ ನಮ್ಮ ಸಂಡಿಗೆ

ಈ ನ್ಯೂಜಿಲೆಂಡ್ ದೇಶದ ಮೇಲೆ ನನ್ನ ಹೆಂಡತಿ ವಸುಂಧರೆಗೆ ಇರುವುದು ಒಂದೇ ಒಂದು ದೂರು. ಚಳಿಯದಲ್ಲ, ಗಾಳಿಯದಲ್ಲ, ಗಂಡನದೂ ಅಲ್ಲ (ಅದು ದೂರಲ್ಲ, ದಿನಚರಿ). ಇಲ್ಲಿಯ ಮನೆಗಳಿಗೆ ತಾರಸಿ ಇಲ್ಲ ಎಂಬುದು. ಎಲ್ಲಿ ನೋಡಿದರೂ ಇಳಿಜಾರಿನ ತಗಡಿನ ಸೂರು. "ದೇಶ ಕಟ್ಟಿದಾರಂತೆ ದೇಶ! ನಾಕು ಸಂಡಿಗೆ ಇಡೋಕೆ ಜಾಗ ಇಲ್ಲ" ಎಂದು ಅವಳು ಪ್ರತಿ ಬೇಸಿಗೆಯಲ್ಲೂ ಸೂರನ್ನು ನೋಡಿ ಹಲ್ಲು ಕಡಿಯುತ್ತಿದ್ದಳು. ಹುಲ್ಲಿನ ಮೇಲೆ ಹರಡಿದರೆ ತೇವ. ಮರದ ಜಗಲಿಯಂಥ ಡೆಕ್ಕಿನ ಮೇಲೆ ಇಟ್ಟರೆ ಪಕ್ಕದ ಮನೆಯ ಬೆಕ್ಕು. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಮೂರು ಮನೆಯ ತಾರಸಿಗಳನ್ನು ಆಕ್ರಮಿಸಿಕೊಂಡು ಸಂಡಿಗೆ ಹರಡುತ್ತಿದ್ದ ಸಾಮ್ರಾಜ್ಞಿಗೆ ಇದು ತೀರಾ ಅವಮಾನ.

ನನ್ನ ಕಷ್ಟ ಬೇರೆ. ನನಗೆ ಹೆದರಿಕೆ. ಯಾವುದರ ಹೆದರಿಕೆ ಎಂದು ಕೇಳಬೇಡಿ, ಯಾವುದರದಿಲ್ಲ ಎಂದು ಕೇಳಿ, ಪಟ್ಟಿ ಚಿಕ್ಕದಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಸರ್ಕಾರದ ಹೆದರಿಕೆ. ಸರ್ಕಾರದ ಲಕೋಟೆ ಬಂದರೆ ಒಂದು ಲೋಟ ನೀರು ಕುಡಿದು, ಕುರ್ಚಿಯಲ್ಲಿ ಕೂತು ಒಡೆಯುತ್ತೇನೆ. ಪೊಲೀಸ್ ಕಾರು ಎದುರಿಗೆ ಬಂದರೆ, ನಾನು ನಡೆದುಕೊಂಡು ಹೋಗುತ್ತಿದ್ದರೂ, ಕೈ ತಾನಾಗಿ ಸೀಟ್ ಬೆಲ್ಟ್ ಹುಡುಕುತ್ತದೆ. ಊರಿನ ಹೆಸರನ್ನೂ ನಿಮಗೆ ಹೇಳುವುದಿಲ್ಲ. ಪಾಮರ್ಸ್ಟನ್ ನಾರ್ತ್‌ನಿಂದ ಕಾರಿನಲ್ಲಿ ಒಂದು ಗಂಟೆ, ಅಷ್ಟೇ. ಯಾವ ದಿಕ್ಕಿಗೆ ಎನ್ನುವುದನ್ನೂ ಹೇಳುವುದಿಲ್ಲ.

ಇಂಥ ನನಗೆ ಕೆಲಸ ಸಿಕ್ಕಿದ್ದು ಆ ಊರಿನ ನಗರಸಭೆಯ ಆಸ್ತಿ ವಿಭಾಗದಲ್ಲಿ. ಬದರಿನಾಥ್ ಎಂಬ ಹೆಸರು ಅಲ್ಲಿಯವರ ನಾಲಿಗೆಗೆ ಒಗ್ಗದೆ ಎಲ್ಲರೂ 'ಬ್ಯಾಡ್ರಿ' ಎನ್ನುತ್ತಾರೆ. (ಹುಬ್ಬಳ್ಳಿ ಕಡೆಯವರು ಕೇಳಿದರೆ ಇವನು ಯಾರಿಗೂ ಬೇಡವಂತೆ ಎಂದುಕೊಂಡಾರು.) ನಮ್ಮ ಮುಖ್ಯಸ್ಥೆ ಗ್ಲೆನಿಸ್, ಅರವತ್ತರ ಹೆಂಗಸು, ಬಹಳ ಒಳ್ಳೆಯವಳು. ಒಳ್ಳೆಯವಳಾದ್ದರಿಂದಲೇ ನನಗೆ ಇನ್ನೂ ಭಯ.

ಹೋದ ಫೆಬ್ರವರಿಗೆ ನಾವಿಬ್ಬರೂ ಪೌರತ್ವಕ್ಕೆ ಅರ್ಜಿ ಹಾಕಿ ಐದು ತಿಂಗಳಾಗಿತ್ತು. ಅರ್ಜಿಯಲ್ಲಿ ಒಂದು ಷರತ್ತಿತ್ತು: ಅರ್ಜಿದಾರ ಒಳ್ಳೆಯ ನಡತೆಯವನಾಗಿರಬೇಕು. ಅದನ್ನು ಓದಿದ ದಿನದಿಂದ ನಾನು ಉಸಿರಾಡುವಾಗಲೂ ನಡತೆ ನೋಡಿಕೊಂಡು ಉಸಿರಾಡುತ್ತಿದ್ದೆ. ಎಡವಟ್ಟು ಏನೂ ಆಗದೆ ಆ ಕಾಗದ ಕೈಗೆ ಬಂದುಬಿಟ್ಟರೆ ಸಾಕು, ಬೇರೆ ಏನೂ ಬೇಡ ಎಂದು ದಿನಾ ದೇವರಿಗೆ ಹೇಳುತ್ತಿದ್ದೆ. ಈ ಪವಿತ್ರ ಕಾಲದಲ್ಲಿಯೂ ನನ್ನ ಧರ್ಮಪತ್ನಿ, ಮೂರನೆಯ ಬೇಸಿಗೆಗೆ, ಸರ್ಕಾರದ ಜಾಗಕ್ಕೆ ಕಾಲಿಡುತ್ತಿದ್ದಳು.

ನಮ್ಮ ಹಿತ್ತಲ ಬೇಲಿಯ ಆಚೆ ಒಂದು ಹಳೆಯ ಸರ್ಕಾರಿ ಕಚೇರಿ ಇದೆ. ಹಿಂದೆ ಅಲ್ಲಿ ಬೀಜ ಪರೀಕ್ಷೆ ಮಾಡುತ್ತಿದ್ದರಂತೆ. ಇಲಾಖೆ ಅದನ್ನು ಮುಚ್ಚಿ ಒಂಬತ್ತು ವರ್ಷವಾಗಿತ್ತು. ಅದರ ಹಿಂಭಾಗದಲ್ಲಿ ವಿಶಾಲವಾದ, ಸಮತಟ್ಟಾದ, ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಕಾಯುವ ಸಿಮೆಂಟಿನ ಅಂಗಳ. ಮೊದಲ ಬೇಸಿಗೆಯಲ್ಲಿ ಒಂದು ದಿನ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ವಸುಂಧರೆ ಬೇಲಿಯ ಪುಟ್ಟ ಗೇಟು ದಾಟಿ, ಸೊಂಟದ ಮೇಲೆ ಪಾತ್ರೆ ಇಟ್ಟುಕೊಂಡು, ಸರ್ಕಾರದ ಅಂಗಳಕ್ಕೆ ರಾಜಾರೋಷವಾಗಿ ಹೋಗುತ್ತಿದ್ದಾಳೆ!

ಯಾರನ್ನು ಕೇಳಿ ಹೋಗುತ್ತೀಯೆ ಎಂದು ನಾನು ಕೇಳಲಿಲ್ಲ. ಯಾಕೆ ಗೊತ್ತೆ? ಕೇಳಿದರೆ ಉತ್ತರ ಬರುತ್ತದೆ. ಉತ್ತರ ಬಂದರೆ ನನಗೂ ಗೊತ್ತಿತ್ತು ಎಂದಾಗುತ್ತದೆ. ಗೊತ್ತಿದ್ದರೆ ನಾನೂ ಅಪರಾಧದಲ್ಲಿ ಪಾಲುದಾರ. ಹಾಗಾಗಿ ಕಿಟಕಿಯ ಪರದೆ ಎಳೆದುಬಿಟ್ಟೆ. ಮೂರು ಬೇಸಿಗೆ ಆ ಪರದೆ ತೆಗೆಯಲಿಲ್ಲ. ಸಂಡಿಗೆಯನ್ನು ಮಾತ್ರ ತಿಂದೆ.

ಹೋದ ಫೆಬ್ರವರಿಯ ಒಂದು ಗುರುವಾರ ಬೆಳಗ್ಗೆ ಗ್ಲೆನಿಸ್ ನನ್ನ ಮೇಜಿನ ಹತ್ತಿರ ಬಂದಳು. (ಇಲ್ಲಿಯವರ ಮಾತನ್ನು ಕನ್ನಡದಲ್ಲಿಯೇ ಕೊಡುತ್ತೇನೆ. ಅವರ ಇಂಗ್ಲಿಷು ನನಗೂ ಅರ್ಧವೇ ಅರ್ಥವಾಗುವುದು.)

"ಬ್ಯಾಡ್ರಿ, ಒಳ್ಳೆ ಸುದ್ದಿ! ನಿಮ್ಮ ಮನೆ ಹಿಂದಿನ ಬೀಜದ ಕಚೇರಿ ಇದೆಯಲ್ಲ, ಅದು ಇನ್ನು ಬೇಡ ಅಂತ ಸರ್ಕಾರ ತೀರ್ಮಾನಿಸಿದೆ. ಬೇರೆಯವರಿಗೆ ಮಾರೋ ಮುಂಚೆ ನಮ್ಮನ್ನ ಕೇಳ್ತಿದಾರೆ. ಊರ ಜನಕ್ಕೆ ಉಪಯೋಗ ಆಗೋ ಹಾಗಿದ್ರೆ ನಗರಸಭೇನೇ ಕೊಂಡುಕೊಳ್ಳಬಹುದು. ಒಂದು ಸಮುದಾಯದ ಹಾಲ್, ಒಂದು ಪುಟ್ಟ ಲೈಬ್ರರಿ ಮಾಡಿದ್ರೆ ಹೇಗೆ?"

"ತುಂಬಾ ಚೆನ್ನಾಗಿರುತ್ತೆ" ಎಂದೆ.

"ಮುಂದಿನ ವಾರ ಇದ್ದ ತಪಾಸಣೆ ಇವತ್ತಿಗೇ ಬಂದಿದೆ. ಇಲಾಖೆಯವರು ಹನ್ನೊಂದಕ್ಕೆ ಬರ್ತಾರೆ. ನೀನೂ ಬಾ, ಜಾಗ ನಿಂಗೆ ಗೊತ್ತಲ್ಲ."

"ನಂಗೆ ಗೊತ್ತಿಲ್ಲ!" ಎಂದು ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಆಚೆ ಮೇಜಿನವರು ತಿರುಗಿ ನೋಡಿದರು.

ಶೌಚಾಲಯಕ್ಕೆ ಓಡಿ ವಸುಂಧರೆಗೆ ಫೋನು ಮಾಡಿದೆ. ಅವಳು ಶಿಶುವಿಹಾರದ ಟೀಚರು, ಕೆಲಸದ ಹೊತ್ತಿನಲ್ಲಿ ಫೋನು ಚೀಲದಲ್ಲಿರುತ್ತದೆ. ಏಳು ಸಲ ಮಾಡಿದೆ. ಆ ದಿನ ಬೆಳಗ್ಗೆ ಆರಕ್ಕೇ ಅವಳು ಎದ್ದು ಅಂಬಲಿ ಕಾಯಿಸಿದ್ದು, "ಮೂರು ದಿನ ಸುಡುಬಿಸಿಲಂತೆ" ಎಂದು ಹಾಡಿಕೊಂಡು ಪಾತ್ರೆ ಎತ್ತಿಕೊಂಡು ಹೋಗಿದ್ದು ಎಲ್ಲವೂ ಕಣ್ಣ ಮುಂದೆ ಬಂತು. ದೇವರೇ, ಒಂದು ಮಳೆ ಸುರಿಸಪ್ಪಾ ಎಂದು ಬೇಡಿಕೊಂಡೆ. ಆಕಾಶ ನೀಲಿಯಾಗಿ ಹೊಳೆಯುತ್ತಿತ್ತು.

ಹನ್ನೊಂದಕ್ಕೆ ನಾವು ನಾಲ್ವರು ಕಚೇರಿಯ ಒಳಗೆಲ್ಲ ಸುತ್ತಿದೆವು. ನಾನು, ಗ್ಲೆನಿಸ್, ಇಲಾಖೆಯಿಂದ ಬಂದ ಟೈ ಕಟ್ಟಿದ ಮನುಷ್ಯ, ಮತ್ತು ಕಟ್ಟಡದಲ್ಲಿ ವಿಷದ ವಸ್ತು ಇದೆಯೇ ಎಂದು ನೋಡಲು ಬಂದ ಡ್ಯಾರನ್ ಎಂಬ ದೈತ್ಯ. ಒಳಗಿನ ಗೋಡೆಗಳನ್ನು ನಾನು ಅರ್ಧ ಗಂಟೆ ಹೊಗಳಿದೆ. ಮೂಲೆಯ ಪೈಪನ್ನೂ ಹೊಗಳಿದೆ. "ಅಂಗಳ ಏನಿಲ್ಲ, ಬರೀ ಸಿಮೆಂಟು, ನೋಡೋದೇ ಬೇಡ" ಎಂದೆ. ಅಷ್ಟರಲ್ಲಿ ಡ್ಯಾರನ್ ಹಿಂಬಾಗಿಲು ತೆಗೆದೇಬಿಟ್ಟ.

"ಇದೇನಿದು?" ಎಂದ.

ಉದ್ದಕ್ಕೂ ಪ್ಲಾಸ್ಟಿಕ್ ಹಾಳೆಗಳು. ಮೂಲೆ ಮೂಲೆಗೂ ಒಂದೊಂದು ಕಲ್ಲು. ಹಾಳೆಯ ಮೇಲೆ ಸೇನೆ ನಿಂತಂತೆ ಸಾಲು ಸಾಲು ಸಂಡಿಗೆ. ಬಿಳಿಯದೊಂದು ದಳ, ಬೀಟ್‌ರೂಟಿನ ಕೆಂಪು ದಳ, ಹಸಿಮೆಣಸಿನಕಾಯಿಯ ಹಸಿರು ದಳ. ಹಕ್ಕಿ ಬರದಿರಲೆಂದು ತಂತಿಗೆ ನೇತುಹಾಕಿದ ಹಳೆಯ ಸಿ.ಡಿ.ಗಳು ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದವು. ಪ್ರತಿ ಹಾಳೆಗೂ ಐಸ್‌ಕ್ರೀಮ್ ಕಡ್ಡಿಯ ಮೇಲೆ ಬರೆದ ಒಂದು ಚೀಟಿ.

ಇಲಾಖೆಯ ಮನುಷ್ಯ ಬಿಳಿಚಿಕೊಂಡ. "ಇಲ್ಲಿ ಯಾರೋ ಪ್ರಯೋಗ ನಡೆಸ್ತಿದಾರೆ."

"ಯಾರೂ ಮುಟ್ಟಬೇಡಿ!" ಎಂದ ಡ್ಯಾರನ್, ಕೈಗವಸು ಹಾಕಿಕೊಳ್ಳುತ್ತಾ. "ಬೀಜಾನೋ, ಶಿಲೀಂಧ್ರಾನೋ, ಏನೋ. ಎಷ್ಟು ಅಚ್ಚುಕಟ್ಟಾಗಿದೆ ನೋಡಿ. ಇದು ತಿಳಿದವರ ಕೆಲಸ."

(ವಸುಂಧರೆ ಕೇಳಿದ್ದರೆ ಎಷ್ಟು ಹಿಗ್ಗುತ್ತಿದ್ದಳೋ.)

ಹೊರಗಿನಿಂದ ಒಂದು ಹಣ್ಣಿನ ಬೀಜ ತಂದರೂ ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವ ದೇಶ ಇದು. ಇಲ್ಲಿ ಸರ್ಕಾರದ ನೆಲದ ಮೇಲೆ ಮುನ್ನೂರು ಅಪರಿಚಿತ ವಸ್ತುಗಳು! ಅಷ್ಟರಲ್ಲಿ ಗ್ಲೆನಿಸ್ ಒಂದು ಕಡ್ಡಿಯನ್ನು ಬಗ್ಗಿ ನೋಡಿದಳು.

"ಬ್ಯಾಡ್ರಿ, ಇದು ಇಂಡಿಯಾದ ಅಕ್ಷರದ ಹಾಗಿದೆ. ನಿಂಗೆ ಓದೋಕೆ ಬರುತ್ತಾ?"

ನಾನು ಬಗ್ಗಿದೆ. ನನ್ನ ಹೆಂಡತಿಯ ದುಂಡು ಅಕ್ಷರ. ಮೊದಲನೆಯದರಲ್ಲಿ 'ಖಾರ'. ಎರಡನೆಯದರಲ್ಲಿ 'ಸಪ್ಪೆ'. ಮೂರನೆಯದರಲ್ಲಿ 'ಇವರಿಗೆ — ಉಪ್ಪು ಕಮ್ಮಿ'. ಇವರು ಎಂದರೆ ನಾನೇ. ನನ್ನ ರಕ್ತದೊತ್ತಡ ಏರಬಾರದೆಂದು ಆ ಮಹಾತಾಯಿ ಬೇರೆ ಹಾಳೆಯಲ್ಲಿ ಬೇರೆ ಸಂಡಿಗೆ ಇಟ್ಟಿದ್ದಳು. ಆ ಕ್ಷಣದಲ್ಲಿ ರಕ್ತದೊತ್ತಡ ತಲೆಯ ಮೇಲಿನ ಸಿ.ಡಿ.ಯವರೆಗೆ ಏರಿತ್ತು.

"ಇಲ್ಲ" ಎಂದೆ.

"ಇಲ್ವಾ?"

"ನಮ್ಮಲ್ಲಿ ತುಂಬಾ ಭಾಷೆಗಳಿವೆ. ಇದು... ಇದು ನಂದಲ್ಲ."

ಹೌದು ಸ್ವಾಮಿ, ಹೇಳಿದೆ. ರಾಜ್ಯೋತ್ಸವದಲ್ಲಿ ಎದೆ ಮೇಲೆ ಕೈ ಇಟ್ಟು ಭಾಷಣ ಮಾಡುವ ನಾನು, ಸಬ್ಬಕ್ಕಿ ಸಂಡಿಗೆಯ ಎದುರು ನಿಂತು ಕನ್ನಡ ನನ್ನದಲ್ಲ ಎಂದೆ. ನನಗೆ ನಾಚಿಕೆಯಾಯಿತು, ಆದರೆ ಹೆದರಿಕೆ ನಾಚಿಕೆಗಿಂತ ಎರಡು ಹೆಜ್ಜೆ ಮುಂದಿತ್ತು. ಡ್ಯಾರನ್ ಮೂರು ಬಣ್ಣದ ಸಂಡಿಗೆಗಳನ್ನು ಚಿಮುಟದಿಂದ ಎತ್ತಿ ಲಕೋಟೆಗೆ ಹಾಕಿ ಮೊಹರು ಮಾಡಿದ. ಉಳಿದವನ್ನು ದೊಡ್ಡ ಚೀಲಕ್ಕೆ ತುಂಬಿ ವ್ಯಾನಿಗೆ ಹಾಕಿದ. ಅಂಗಳಕ್ಕೆ ಹಳದಿ ಪಟ್ಟಿ ಕಟ್ಟಿದ. ತಪಾಸಣೆಯ ವರದಿಯಲ್ಲಿ 'ವಸ್ತುವಿನ ಮೂಲ ತಿಳಿದಿಲ್ಲ' ಎಂದು ಬರೆದು, ನಗರಸಭೆಯ ಪರವಾಗಿ ಸಹಿ ಮಾಡಿದವನು ನಾನೇ.

ಫಲಿತಾಂಶ ಬರುವವರೆಗೆ ಖರೀದಿಯ ಮಾತು ನಿಂತಿತು. ಸೋಮವಾರ ಊರ ಜನರ ಅಭಿಪ್ರಾಯ ಕೇಳುವ ಸಭೆ ಇತ್ತು, ಅಷ್ಟರೊಳಗೆ ತಿಳಿಸುತ್ತೇನೆ ಎಂದ ಡ್ಯಾರನ್.

ಸಂಜೆ ಮನೆಗೆ ಬಂದರೆ ವಸುಂಧರೆ ಬಾಗಿಲಲ್ಲಿಯೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ರೀ, ನನ್ನ ಸಂಡಿಗೆ ಎಲ್ಲಿ?"

"ಶ್ಶ್! ಮೆಲ್ಲಗೆ ಮಾತಾಡೇ!"

"ಯಾಕೆ ಮೆಲ್ಲಗೆ? ಎರಡು ಸೇರು ಸಬ್ಬಕ್ಕಿ ಕಣ್ರೀ! ಬೆಳಗಿನ ಜಾವ ಎದ್ದು ತೋಳು ಬಿದ್ದುಹೋಗೋ ಹಾಗೆ ತಿರುವಿದೀನಿ. ಯಾರೋ ಹಳದಿ ಪಟ್ಟಿ ಬೇರೆ ಕಟ್ಟಿ ಹೋಗಿದಾರೆ, ಕೊಲೆ ಆದ ಜಾಗದ ಹಾಗೆ."

ನಡೆದದ್ದನ್ನು ಹೇಳಿದೆ. ಕಡ್ಡಿ ಓದಲು ಬರುವುದಿಲ್ಲ ಎಂದ ಭಾಗವನ್ನು ಮಾತ್ರ ಬಿಟ್ಟೆ. ಅವಳು ಸೆರಗು ಸಿಕ್ಕಿಸಿಕೊಂಡಳು (ಉಟ್ಟಿದ್ದು ಪ್ಯಾಂಟು, ಆದರೂ ಸಿಕ್ಕಿಸಿಕೊಂಡಳು).

"ಅಷ್ಟೇನಾ? ನಾಳೆ ನಾನೇ ನಿಮ್ಮ ಆಫೀಸಿಗೆ ಬಂದು ಹೇಳ್ತೀನಿ, ಇದು ನಂದು ಅಂತ. ಅಲ್ಲಾರೀ, ಆ ಜಾಗಕ್ಕೆ ನಾನು..."

"ಬೇಡ! ಹೇಳಬೇಡ!" ಎಂದು ಎರಡೂ ಕಿವಿ ಮುಚ್ಚಿಕೊಂಡೆ. "ನಿನ್ನ ಕಾಲಿಗೆ ಬೀಳ್ತೀನಿ, ನಂಗೆ ಏನೂ ಗೊತ್ತಾಗೋದು ಬೇಡ. ಯಾರಾದ್ರೂ ಪ್ರಮಾಣ ಮಾಡಿಸಿದ್ರೆ ಗೊತ್ತಿಲ್ಲ ಅಂತ ಹೇಳೋಕಾಗ್ಬೇಕು. ಪೌರತ್ವದ ಅರ್ಜಿ ಅಲ್ಲಿ ಕೂತಿದೆ ಕಣೇ! ಒಳ್ಳೆ ನಡತೆ! ಅತಿಕ್ರಮ ಪ್ರವೇಶ, ಸರ್ಕಾರಿ ನೆಲದ ದುರ್ಬಳಕೆ... ಇಬ್ಬರನ್ನೂ ವಿಮಾನ ಹತ್ತಿಸಿ ಕಳಿಸ್ತಾರೆ."

"ಸಂಡಿಗೆ ಇಟ್ಟಿದ್ದಕ್ಕಾ?"

"ಇಡಬಾರದ ಕಡೆ ಇಟ್ಟಿದ್ದಕ್ಕೆ!"

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಸರಿ. ನೀವಾಗಿ ಬಾಯ್ಬಿಟ್ಟು ಕೇಳೋವರೆಗೂ ಒಂದು ಮಾತೂ ಹೇಳಲ್ಲ" ಎಂದು ಅಡುಗೆಮನೆಗೆ ಹೋದಳು. ಆ ರಾತ್ರಿ ಸಾರಿಗೆ ನೆಂಚಿಕೊಳ್ಳಲು ಏನೂ ಇರಲಿಲ್ಲ.

ಶುಕ್ರವಾರ, ಶನಿವಾರ ಹೇಗೆ ಕಳೆದವೋ ನನಗೇ ಗೊತ್ತು. ಬೀದಿಯಲ್ಲಿ ಕಾರು ನಿಂತ ಸದ್ದಾದರೆ ಜೀವ ಬಾಯಿಗೆ ಬರುತ್ತಿತ್ತು. ಪತ್ರಿಕೆ ಹಾಕುವವನನ್ನು ಕಂಡು ಸೋಫಾದ ಹಿಂದೆ ಕೂತೆ. ವರದಿಯಲ್ಲಿರುವ ನನ್ನ ಸುಳ್ಳು ಸಹಿ ಎದೆಯ ಮೇಲೆ ಕೂತು ಕುಟ್ಟುತ್ತಿತ್ತು. ಭಾನುವಾರ ಮಧ್ಯಾಹ್ನ ನನಗೊಂದು ಅದ್ಭುತ ಉಪಾಯ ಹೊಳೆಯಿತು. (ನನಗೆ ಉಪಾಯ ಹೊಳೆದಾಗಲೆಲ್ಲ ಯಾರಾದರೂ ಕೈಕಾಲು ಕಟ್ಟಿ ಹಾಕಿದರೆ ಉಪಕಾರವಾಗುತ್ತದೆ.) ಅವರು ಕಂಡುಹಿಡಿಯುವ ಮೊದಲೇ ನಾನೇ ತಪ್ಪೊಪ್ಪಿಕೊಂಡರೆ? ತಪ್ಪೊಪ್ಪುವುದು ಒಳ್ಳೆಯ ನಡತೆಯಲ್ಲವೇ?

ವಸುಂಧರೆ ತರಕಾರಿಗೆ ಹೋಗಿದ್ದಾಗ ಪೌರತ್ವದ ಕಚೇರಿಗೆ ಏಳು ಪುಟದ ಪತ್ರ ಬರೆದೆ. ಮೂರು ವರ್ಷದಿಂದ ಸರ್ಕಾರದ ಅಂಗಳವನ್ನು ಅಕ್ರಮವಾಗಿ ಬಳಸಿದ ಕುಟುಂಬದ ಯಜಮಾನ ನಾನು, ಗೊತ್ತಿದ್ದೂ ಪರದೆ ಎಳೆದವನು ನಾನು, ಸುಳ್ಳು ವರದಿಗೆ ಸಹಿ ಹಾಕಿದವನು ನಾನು, ಅಪರಾಧದ ಫಲವನ್ನು ಕರಿದು ತಿಂದವನೂ ನಾನು. ನನ್ನ ಪತ್ನಿಗೆ ಕಾನೂನು ತಿಳಿಯದು, ಅವಳು ನಿರಪರಾಧಿ, ಶಿಕ್ಷೆ ಏನಿದ್ದರೂ ನನಗಿರಲಿ. ಕೊನೆಯಲ್ಲಿ ಸಂಡಿಗೆ ಮಾಡುವ ವಿಧಾನವನ್ನೂ ಲಗತ್ತಿಸಿದೆ. ಗುಂಡಿ ಒತ್ತಿ ಕಳಿಸಿದ ಮೇಲೆ ನಾಲ್ಕು ದಿನದಲ್ಲಿ ಮೊದಲ ಬಾರಿಗೆ ನಿದ್ದೆ ಬಂತು. ಹೆಂಡತಿಗಾಗಿ ಪ್ರಾಣ ಕೊಟ್ಟ ಮಹಾಪುರುಷನಂತೆ ಮಲಗಿದೆ.

ಸೋಮವಾರ ಸಂಜೆ ಐದಕ್ಕೆ ನಗರಸಭೆಯ ಸಭಾಂಗಣದಲ್ಲಿ ಊರ ಜನ ಸೇರಿದರು. ಮೇಜಿನ ಹಿಂದೆ ಸದಸ್ಯರು, ಪಕ್ಕದಲ್ಲಿ ಗ್ಲೆನಿಸ್, ಅವಳ ಹಿಂದೆ ಕಂಬಕ್ಕೆ ಆತುಕೊಂಡು ನಾನು. ಜನರ ಸಾಲಿನಲ್ಲಿ ಕಣ್ಣಾಡಿಸಿದೆ. ಎರಡನೆಯ ಸಾಲಿನಲ್ಲಿ, ಕಾಂಚೀವರಂ ಸೀರೆ ಉಟ್ಟು, ತೊಡೆಯ ಮೇಲೆ ದೊಡ್ಡ ಸ್ಟೀಲ್ ಡಬ್ಬಿ ಇಟ್ಟುಕೊಂಡು, ಕೂತಿದ್ದಾಳೆ! ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡೆ.

ಮೊದಲು ಡ್ಯಾರನ್ ಎದ್ದ. "ಪ್ರಯೋಗಾಲಯದ ಫಲಿತಾಂಶ ಬಂದಿದೆ. ಸಬ್ಬಕ್ಕಿ, ಜೀರಿಗೆ, ಮೆಣಸಿನಕಾಯಿ, ಬೀಟ್‌ರೂಟು, ಉಪ್ಪು, ನಿಂಬೆರಸ. ತಿನ್ನೋ ಪದಾರ್ಥ. ಒಂದು ಹಾಳೆಯದರಲ್ಲಿ ಉಪ್ಪು ಸ್ವಲ್ಪ ಕಡಿಮೆ."

ಜನ ನಕ್ಕರು. ಯಾರಾದರೂ ಮಾತಾಡುತ್ತೀರಾ ಎಂದು ಕೇಳಿದಾಗ ವಸುಂಧರೆ ಎದ್ದು ಮೈಕಿನ ಮುಂದೆ ನಿಂತಳು.

"ಅದು ನನ್ನ ಸಂಡಿಗೆ" ಎಂದಳು. "ಮೂರು ವರ್ಷದಿಂದ ಅಲ್ಲೇ ಒಣಗಿಸ್ತಿದೀನಿ. ಇಲಾಖೆಯವರ ಅಪ್ಪಣೆ ಪತ್ರ ಇಲ್ಲಿದೆ."

ಪತ್ರವೇ! ಸ್ವಂತ ಕಣ್ಣಿನಿಂದ ನೋಡಿದೆ, ಇಲಾಖೆಯ ಮೊಹರಿನ ಪತ್ರ. ಕಟ್ಟಡ ನೋಡಿಕೊಳ್ಳುತ್ತಿದ್ದ ನೋಯೆಲ್ ಎಂಬ ಮುದುಕ ಮೇಲಿನವರನ್ನು ಕೇಳಿ ತರಿಸಿಕೊಟ್ಟದ್ದಂತೆ. ಡಿಸೆಂಬರಿನಿಂದ ಮಾರ್ಚಿನವರೆಗೆ, ಬಿಸಿಲಿರುವ ದಿನಗಳಲ್ಲಿ, ನೆರೆಹೊರೆಯವರು ಅಂಗಳವನ್ನು ಒಣಗಿಸುವ ಕೆಲಸಕ್ಕೆ ಬಳಸಬಹುದು. ಬೇಲಿಯ ಆ ಪುಟ್ಟ ಗೇಟನ್ನು ಇಟ್ಟುಕೊಟ್ಟವನೂ ಅವನೇ. ಇಲಾಖೆಯ ಟೈ ಮನುಷ್ಯ ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, "ಹೌದು, ನಮ್ಮದೇ" ಎಂದ.

"ನಾನೊಬ್ಬಳೇ ಅಲ್ಲ" ಎಂದು ವಸುಂಧರೆ ಮುಂದುವರಿಸಿದಳು. "ತೊಂಗಾ ದ್ವೀಪದ ಸೆಲಾ ಅಜ್ಜಿ ಅಲ್ಲಿ ಚಾಪೆ ಒಣಗಿಸ್ತಾರೆ. ಮೂಲೆ ಮನೆಯವರು ಈರುಳ್ಳಿ ಹರಡ್ತಾರೆ. ಕಾಯ್ತಾ ಕೂತು ನಾವೆಲ್ಲ ಮಾತಾಡ್ತೀವಿ. ಆ ಬೀದೀಲಿ ನಾವು ಒಬ್ಬರಿಗೊಬ್ಬರು ಪರಿಚಯ ಆಗಿದ್ದೇ ಅಲ್ಲಿ. ನೀವು ಕೊಂಡ್ಕೊಳ್ಳಿ, ಹಾಲ್ ಮಾಡಿ, ಪುಸ್ತಕ ಇಡಿ. ಅಂಗಳಕ್ಕೆ ಮಾತ್ರ ಸೂರು ಹಾಕ್ಬೇಡಿ."

ಡಬ್ಬಿ ತೆಗೆದಳು. ಹೋದ ವರ್ಷದ ದಾಸ್ತಾನಿನಿಂದ ಕರಿದು ತಂದ ಸಂಡಿಗೆ ಸಾಲಿನಿಂದ ಸಾಲಿಗೆ ಹೋಯಿತು. ಸದಸ್ಯರ ಬಾಯಿಂದ ಕರುಂ ಕುರುಂ ಸದ್ದು ಮೈಕಿನಲ್ಲಿ ಇಡೀ ಸಭಾಂಗಣಕ್ಕೆ ಕೇಳಿಸಿತು. ಊರ ಜನಕ್ಕೆ ಆ ಜಾಗದ ಉಪಯೋಗ ಏನು ಎಂದು ಗ್ಲೆನಿಸ್ ಇಪ್ಪತ್ತು ಪುಟ ಬರೆದು ತಂದಿದ್ದಳು. ಅದನ್ನು ಯಾರೂ ತೆರೆಯಲೇ ಇಲ್ಲ. ಖರೀದಿಗೆ ಎಲ್ಲರೂ ಕೈ ಎತ್ತಿದರು.

ನಾನೂ ಖುಷಿಯಿಂದ ಕೈ ಎತ್ತುವುದರಲ್ಲಿದ್ದೆ. ಆಗ ಗ್ಲೆನಿಸ್ ಕೇಳಿದಳು. "ಅಂದಹಾಗೆ, ಕಡ್ಡಿಗಳ ಮೇಲೆ ಬರೆದಿದ್ದು ಯಾವ ಭಾಷೆ?"

"ಕನ್ನಡ" ಎಂದಳು ವಸುಂಧರೆ. "ನಮ್ಮ ಯಜಮಾನ್ರು ನಿಮ್ಮ ಹಿಂದೇನೇ ನಿಂತಿದಾರಲ್ಲ. ಕೇಳಿದ್ರೆ ಓದಿ ಹೇಳ್ತಿದ್ರು."

ಇಡೀ ಸಭಾಂಗಣ ತಿರುಗಿ ನನ್ನನ್ನು ನೋಡಿತು. ನಾನು ಕಂಬದ ಹಿಂದೆ ಸರಿದೆ. ಕಂಬ ತೆಳ್ಳಗಿತ್ತು.

ಗ್ಲೆನಿಸ್ ಬಹಳ ಹೊತ್ತು ನಕ್ಕಳು. ಕೊನೆಗೆ ಕಣ್ಣೊರೆಸಿಕೊಂಡು, "ಬ್ಯಾಡ್ರಿ, ನಾಳೆ ವರದಿ ತಿದ್ದಿ ಕೊಡು" ಎಂದಳು, ಅಷ್ಟೇ. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ ನನಗೆ ಸಂಪೂರ್ಣ ಮಂಗಳಾರತಿ ಆಯಿತು.

"ಪತ್ರ ಇದೆ ಅಂತ ಹೇಳಬಾರದಾಗಿತ್ತೇನೇ?"

"ನೀವು ಎಲ್ಲಿ ಕೇಳಿದ್ರಿ? ಮೂರು ವರ್ಷದಲ್ಲಿ ಒಂದು ದಿನ, ಯಾರನ್ನ ಕೇಳಿ ಹೋಗ್ತೀಯ ಅಂತ ಕೇಳಿದ್ರಾ? ಅವತ್ತು ಹೇಳೋಕೆ ಬಂದ್ರೆ ಕಿವಿ ಮುಚ್ಕೊಂಡ್ರಿ. ಕನ್ನಡಾನೇ ಬರಲ್ಲ ಅಂದ್ರಂತಲ್ಲ, ಗ್ಲೆನಿಸ್ ಹೇಳಿದ್ರು! ಇನ್ನು ಮನೇಲಿ ನನ್ನ ಜೊತೆ ಯಾವ ಭಾಷೇಲಿ ಮಾತಾಡ್ತೀರಿ?"

ಆಗ ತಾನೇ ನನಗೆ ಪೌರತ್ವದ ಕಚೇರಿಗೆ ಕಳಿಸಿದ ಆ ಏಳು ಪುಟಗಳು ನೆನಪಾದವು. ಪತ್ರ ಹಿಂದಕ್ಕೆ ಕೊಡಿ ಎಂದು ಮಾರನೆಯ ದಿನ ಫೋನು ಮಾಡಿ ಅಂಗಲಾಚಿದೆ. ಕಡತಕ್ಕೆ ಸೇರಿದ್ದನ್ನು ತೆಗೆಯಲು ಬರುವುದಿಲ್ಲ, ಆದರೆ ಬಹಳ ವಿವರವಾಗಿ ಬರೆದಿದ್ದೀರಿ ಎಂದು ಆ ಕಡೆಯ ಹುಡುಗಿ ಹೊಗಳಿದಳು.

ಆಗಸ್ಟಿನಲ್ಲಿ ಆ ಬೀಜದ ಕಚೇರಿಯ ಹೊಸ ಹಾಲ್‌ನಲ್ಲಿ ನಡೆದ ಮೊದಲ ಸಮಾರಂಭವೇ ಪೌರತ್ವ ಪ್ರದಾನ. ವಸುಂಧರಾ ಬದರಿನಾಥ್ ಎಂದು ಕರೆದಾಗ ಜನ ಎದ್ದು ಚಪ್ಪಾಳೆ ತಟ್ಟಿದರು. ಅವಳು ಪ್ರಮಾಣ ಓದಿ, ಮೇಯರ್ ಕೈಯಿಂದ ಕಾಗದ ತೆಗೆದುಕೊಂಡು, ರಾಣಿಯಂತೆ ಇಳಿದು ಬಂದಳು. ನಾನು ಸಂದರ್ಶಕರ ಸಾಲಿನಲ್ಲಿ ಅವಳ ಕೈಚೀಲ, ಕೋಟು ಹಿಡಿದುಕೊಂಡು ಕೂತಿದ್ದೆ. ನನ್ನ ಅರ್ಜಿ ಹೆಚ್ಚಿನ ವಿಚಾರಣೆಗೆ ಹೋಗಿತ್ತು. ಆ ಬೆಳಗ್ಗೆಯೇ ಬಂದ ಪತ್ರ ಜೇಬಿನಲ್ಲಿತ್ತು: ಅಪ್ಪಣೆ ಇದ್ದೂ ಅಪರಾಧ ಒಪ್ಪಿಕೊಂಡದ್ದೇಕೆ ಎಂಬುದು ಸ್ಪಷ್ಟವಾಗುತ್ತಿಲ್ಲ, ಆದ್ದರಿಂದ ತಮ್ಮ ನಡತೆಯನ್ನು ಹತ್ತಿರದಿಂದ ಬಲ್ಲ ನ್ಯೂಜಿಲೆಂಡ್ ಪ್ರಜೆಯೊಬ್ಬರಿಂದ ಪತ್ರ ಬರೆಸಿ ಕಳಿಸತಕ್ಕದ್ದು.

ಬಂದು ಪಕ್ಕದಲ್ಲಿ ಕೂತವಳ ಕೈಗೆ ಅದನ್ನು ಮೆಲ್ಲಗೆ ಕೊಟ್ಟೆ. ಎರಡು ನಿಮಿಷದ ಹಿಂದೆ ಪ್ರಜೆಯಾದವಳು ಅದನ್ನು ಓದಿದಳು. ಇನ್ನೊಮ್ಮೆ ಓದಿದಳು. ಕೈಚೀಲದಿಂದ ಪೆನ್ನು ತೆಗೆದು ನನ್ನ ಮುಖವನ್ನೇ ನೋಡಿದಳು.

"ನಿಜಾನೇ ಬರೀಬೇಕಂತಲ್ರೀ" ಎಂದಳು.